ಬಾಯ್ಲರ್ ಕೋಣೆಯ ತಲೆಕೆಳಗಾದ ತ್ರಿಕೋನ

ಬೆಳಗಿನ ಐದೂಮುಕ್ಕಾಲು. ಎತ್ತರದ ಬೆಟ್ಟಗಳ ನಡುವಿನ ನರೀನ್ ಕಣಿವೆಯಲ್ಲಿ ಮೇ ತಿಂಗಳಲ್ಲೂ ಬಾಯಿಂದ ಹಬೆ ಏಳುತ್ತದೆ. ಶಾಲೆಯ ಬಾಯ್ಲರ್‌ಗೆ ಹತ್ತನೆಯ ಬಕೆಟ್ ಕಲ್ಲಿದ್ದಲು ಸುರಿದ ಬಾತ್ಮಾ, ಅದರದೇ ಒಂದು ಚೂರಿನಿಂದ ಸುಣ್ಣದ ಗೋಡೆಯ ಮೇಲೆ ಗೆರೆ ಎಳೆಯುತ್ತಾರೆ. ಆರರ ವ್ಯಾನಿಗೆ ಅವರ ಶಿಷ್ಯೆ ನುರ್ಜಾತ್ ಕಾಲೇಜಿನ ಪ್ರವೇಶ ಪರೀಕ್ಷೆಗೆ ಹೊರಡುತ್ತಾಳೆ, ಎರಡನೆಯ ಸಲ.

ಅರವತ್ತೊಂದರ ಬಾತ್ಮಾಗೆ ಸಂಬಳ ಬರುವುದು ಒಲೆ ಉರಿಸಿದ್ದಕ್ಕೆ. ಗಣಿತದ ಮೇಷ್ಟ್ರ ಹುದ್ದೆ ನಾಲ್ಕು ವರ್ಷದಿಂದ ಖಾಲಿ. ಹಿಂದೆ ಭೂಮಾಪನ ತಂಡದಲ್ಲಿ ಇಪ್ಪತ್ತೆರಡು ವರ್ಷ ಕೋನ ಅಳೆದ ಈ ಹೆಂಗಸೇ ಹನ್ನೊಂದು ಮಕ್ಕಳಿಗೆ ಗತಿ. ಊರಿಗೆಲ್ಲ ಗೊತ್ತು, ಒಂದು ಒಳ್ಳೆಯ ಮಾತಾಡಲು ಮಾತ್ರ ಯಾರಿಗೂ ಬಾಯಿಲ್ಲ.

ಮಕ್ಕಳಿಗೆ ಬಾತ್ಮಾ ಹೇಳುವ ಪಾಠ ಇದು: “ಸೈನ್ ಒಳಗೆ ವಿಲೋಮ ಟ್ಯಾನ್ ಕಂಡ್ರೆ ಬೆಚ್ಚಬೇಡಿ. ಒಳಗಿರೋದು ಒಂದು ಕೋನ ಅಷ್ಟೇ. ತ್ರಿಕೋನ ಬರೀರಿ. ಎದುರಿನ ಬಾಹು x, ಪಕ್ಕದ್ದು 1. ಒಂದಕ್ಕೆ x ವರ್ಗ ಕೂಡಿಸಿ ವರ್ಗಮೂಲ ತೆಗೆದ್ರೆ ಕರ್ಣ. xನ ಅದರಿಂದ ಭಾಗಿಸಿ. ಸೈನೂ ಹೋಯ್ತು, ಟ್ಯಾನೂ ಹೋಯ್ತು.”

ಹೋದ ವರ್ಷ ಇದಕ್ಕೊಂದು ಬಾಲ ಸೇರಿಸಿದ್ದರು: “ಬಾಹು ಅಂದ್ರೆ ಉದ್ದ. ಉದ್ದ ಎಲ್ಲಾದ್ರೂ ಋಣ ಆಗುತ್ತಾ? xನ ಋಣಚಿಹ್ನೆ ತೆಗೆದುಬಿಡಿ.” ಹೊಲ ಅಳೆದ ಕೈಯ ಅಭ್ಯಾಸ. x ಋಣವಾದರೆ ಕೋನ ಸೊನ್ನೆಯ ಕೆಳಗಿಳಿಯುತ್ತದೆ, ಉತ್ತರವೂ ಋಣವಾಗಬೇಕು. ಪರೀಕ್ಷೆಯಲ್ಲಿ ಚಿಹ್ನೆ ಬಿಟ್ಟ ಆ ಒಂದು ಲೆಕ್ಕಕ್ಕೆ ನುರ್ಜಾತ್‌ಗೆ ಸೀಟು ತಪ್ಪಿತು. ಈ ವರ್ಷ ಬಾತ್ಮಾ ಪಾಠ ತಿದ್ದಿಕೊಂಡಿದ್ದಾರೆ, ಹಳೆಯದು ತಪ್ಪೆಂದು ಮಾತ್ರ ಒಪ್ಪಿಕೊಂಡಿಲ್ಲ. ಆ ಹಾಳು ಅಭ್ಯಾಸ ಹುಡುಗಿಯ ಕೈಯಿಂದ ಹೋಗಿದೆಯೋ ಇಲ್ಲವೋ ಎಂಬ ಭಯಕ್ಕೆ ರಾತ್ರಿ ಕಣ್ಣು ಹತ್ತಿಲ್ಲ.

“ಎಜೆ, ಬೇಗ! ವ್ಯಾನಿನವನು ಕಾಯಲ್ಲ.” ನುರ್ಜಾತ್ ಬಂದಿದ್ದಾಳೆ. ಇಲ್ಲಿ ಅಕ್ಕನನ್ನೂ ಗುರುವನ್ನೂ ‘ಎಜೆ’ ಎಂದೇ ಕರೆಯುವುದು.

“ಒಂದೇ ಒಂದು. xಗೆ ಋಣ ಮುಕ್ಕಾಲು ಹಾಕು.”

ಹುಡುಗಿ ಕಲ್ಲಿದ್ದಲ ಚೂರು ತೆಗೆದುಕೊಂಡು ತ್ರಿಕೋನವನ್ನು ಅಡ್ಡಗೆರೆಯ ಕೆಳಗೆ ಬರೆಯುತ್ತಾಳೆ. “ಐದರಲ್ಲಿ ಮೂರು. ಋಣ.”

ಬಾತ್ಮಾ ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂರುತ್ತಾರೆ. “ಹೋದ ವರ್ಷದ ತಪ್ಪು ನಂದು ಕಣೇ. ನಾನೇ ತಪ್ಪು ಹೇಳಿಕೊಟ್ಟಿದ್ದೆ.”

“ಗೊತ್ತು. ಆವತ್ತು ವಾಪಸ್ ಬರ್ತಾ ವ್ಯಾನಲ್ಲೇ ಗೊತ್ತಾಯ್ತು.”

“ಮತ್ತ್ಯಾಕೆ ನನ್ನ ಹತ್ರಾನೇ ಬಂದೆ?”

“ಬಾಯ್ಲರ್ ಬೆಚ್ಚಗಿತ್ತು, ಎಜೆ.”

ನಗುತ್ತಲೇ ಚೀಲದಿಂದ ರೊಟ್ಟಿ ತೆಗೆದು ಒಂದು ಕಚ್ಚು ಕಚ್ಚಿ, ಉಳಿದದ್ದನ್ನು ಬಾತ್ಮಾ ಕೈಗಿಡುತ್ತಾಳೆ. ದೂರ ಹೊರಟವರು ಹೀಗೆ ಕಚ್ಚಿಟ್ಟ ರೊಟ್ಟಿಯನ್ನು ಮನೆಯವರು ಕಾದಿಡುತ್ತಾರೆ, ತಿರುಗಿ ಬಂದವರೇ ಅದನ್ನು ಮುಗಿಸಬೇಕು ಎಂಬುದು ಇಲ್ಲಿನ ವಾಡಿಕೆ.

“ಇದನ್ನ ನಿಮ್ಮಮ್ಮ ಇಟ್ಕೋಬೇಕು ಕಣೇ!”

“ನಿಮಗೇ ಕೊಡು ಅಂತ ಅಮ್ಮನೇ ಕಳಿಸಿದ್ದು.”

ವ್ಯಾನ್ ಹೋಗುತ್ತದೆ. ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ, ಮಸಿ ತಾಗದ ಎತ್ತರದ ಹಲಗೆಯ ಮೇಲಿಟ್ಟು ಬಾತ್ಮಾ ಹೇಳುತ್ತಾರೆ: “ಸೀಟು ಸಿಗಲಿ ಅಂತ ಬೇಡ್ತೀನಿ. ಸಿಗದಿದ್ರೂ, ಇದನ್ನ ಇಲ್ಲೇ ಕೂತು ತಿನ್ನಲಿ.”