ಕಿಚ್ಚು ಹಾಯುವ ದಾರಿ

ನನ್ನ ತವರೂರು ಸುಟ್ಟುಹೋಗಿ ವರ್ಷದ ಮೇಲಾಯಿತು. ಈಗಲೂ ಮದ್ದೂರಿನ ಬಸ್‌ ಸ್ಟ್ಯಾಂಡಿನಲ್ಲಿ ಯಾರಾದರೂ ಸಿಕ್ಕಿ, "ನಿಮ್ಮೂರು ಎಷ್ಟು ಚೆನ್ನಾಗಿತ್ತಲ್ವಾ ಮೇಡಂ, ನಾವೂ ಒಂದ್ಸಲ ಬಂದಿದ್ವಿ" ಅಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಚೆನ್ನಾಗಿತ್ತು, ಸುಳ್ಳಲ್ಲ. ಆದರೆ ಒಂದು ಭಾನುವಾರ ಬಂದು ಮೀನು ತಿಂದು ಹೋದವರ ಬಾಯಿಂದ ಅದನ್ನು ಕೇಳುವ ಕರ್ಮ ನನಗೇಕೆ ಅನ್ನಿಸುತ್ತದೆ. ತಲೆಯಾಡಿಸಿ ಬಸ್ಸು ಹತ್ತುತ್ತೇನೆ.

ಮಳವಳ್ಳಿ ದಾಟಿ ಹೊಳೆಯ ಕಡೆ ಹೋದರೆ ಬಸ್ಸಿನ ಕೊನೆಯ ಸ್ಟಾಪು ನಮ್ಮೂರು. ಬೆಟ್ಟದ ಬುಡದಿಂದ ಹೊಳೆಯವರೆಗೆ ಉದ್ದಕ್ಕೆ ಒಂದೇ ದೊಡ್ಡ ಬೀದಿ. ಎರಡೂ ಬದಿಗೆ ತೊಟ್ಟಿ ಮನೆಗಳು, ತೇಗದ ಕಂಬ, ನಾಡ ಹೆಂಚು. ಬೀದಿ ಮುಗಿದಲ್ಲಿ ಒಂದು ಕಲ್ಲು ಮಂಟಪ, ಅದರಾಚೆ ಹೊಳೆಗೆ ಇಳಿಯುವ ಮೆಟ್ಟಿಲು. ಯಾವ ರಾಜನ ಕಾಲದ್ದೋ ಮೆಟ್ಟಿಲು, ನಾವು ಅದರ ಮೇಲೆ ಬಟ್ಟೆ ಒಗೆಯುತ್ತಿದ್ದೆವು. ಬೇಸಿಗೆಯಲ್ಲಿ ಹೊಳೆ ಇಳಿದು ಮರಳು ಹಾಸಿಕೊಂಡರೆ ಮೈಸೂರು, ಬೆಂಗಳೂರಿನವರು ಕಾರು ತುಂಬಿಕೊಂಡು ಬಂದು ಅದನ್ನು ಬೀಚು ಅನ್ನುತ್ತಿದ್ದರು. ಸಮುದ್ರವನ್ನೇ ಕಾಣದ ನಮ್ಮೂರ ಹೈಕಳೂ ಬೀಚು ಬೀಚು ಅಂತ ಬೋಂಡ ಮಾರಲು ಶುರು ಮಾಡಿದವು. ಮದುವೆಗೆ ಮೊದಲೇ ಫೋಟೋ ತೆಗೆಸಿಕೊಳ್ಳುವ ಜೋಡಿಗಳು ನಮ್ಮ ಜಗುಲಿಯ ಕಂಬಕ್ಕೆ ಒರಗಿ ನಿಲ್ಲುತ್ತಿದ್ದವು. ನನ್ನ ಅಣ್ಣ ಒಳಗಿನಿಂದಲೇ ಕೂಗುತ್ತಿದ್ದ, "ಒರಗ್ಬ್ಯಾಡ್ರಪ್ಪಾ, ನಮ್ಮ ತಾತನ್ ಕಾಲದ್ದು, ಬಿದ್ರೆ ನಿಮ್ ಮದ್ವೆ ಆಗಕಿಲ್ಲ!"

ಅಣ್ಣನಿಗೆ ಮನೆ, ಹೊಲ ಎಲ್ಲಕ್ಕಿಂತ ಹೆಚ್ಚು ಅವನ ಜೋಡಿ ಎತ್ತು. ಹಳ್ಳಿಕಾರ್ ಎತ್ತುಗಳು, ಕರುವಿನಿಂದ ಸಾಕಿದ್ದು. ನೊಗದಲ್ಲಿ ಎಡಕ್ಕೆ ಕಟ್ಟುವುದನ್ನು ಎಡದೋನು, ಬಲಕ್ಕೆ ಕಟ್ಟುವುದನ್ನು ಬಲದೋನು ಅಂತ ಕರೆಯುತ್ತಿದ್ದ. ಟ್ರ್ಯಾಕ್ಟರು ಬಂದ ಮೇಲೆ ಅವಕ್ಕೆ ಕೆಲಸವೇ ಕಡಿಮೆ. ಆದರೂ ಕೊಡು ಅಂತ ಯಾರಾದರೂ ಕೇಳಿದರೆ ಅವತ್ತೆಲ್ಲ ಅಣ್ಣ ಊಟ ಸರಿಯಾಗಿ ಮಾಡುತ್ತಿರಲಿಲ್ಲ. "ಇವೇನ್ ಎತ್ಗೋಳೋ, ನನ್ ಸವತೀರೋ" ಅಂತ ಅತ್ತಿಗೆ ರೇಗಿಸುತ್ತಿದ್ದಳು. ಅವಳೇ ಅಕ್ಕಿ ತೊಳೆದ ನೀರನ್ನು ಮೊದಲು ಅವಕ್ಕೆ ಇಟ್ಟು ಆಮೇಲೆ ಕಾಫಿ ಕುಡಿಯುವವಳು.

ನಮ್ಮ ಕಡೆ ಸಂಕ್ರಾಂತಿ ಎಂದರೆ ದನಗಳಿಗೆ ಕಿಚ್ಚು ಹಾಯಿಸುವುದು. ಮಧ್ಯಾಹ್ನ ಎತ್ತುಗಳನ್ನು ಹೊಳೆಗೆ ಇಳಿಸಿ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿಯುತ್ತೇವೆ. ಹೊತ್ತು ಇಳಿಯುವಾಗ ಮಂಟಪದ ಪಕ್ಕ, ಬೀದಿಯ ಬಾಯಿಗೆ ಅಡ್ಡಲಾಗಿ ಹುಲ್ಲು ಹರಡಿ ಬೆಂಕಿ ಇಡುತ್ತಾರೆ. ಊರವರೆಲ್ಲ ಎರಡೂ ಕಡೆ ನಿಂತು ಹೋ ಎಂದು ಕೂಗುತ್ತಾರೆ, ತಗಡು ಬಡಿಯುತ್ತಾರೆ. ಎತ್ತುಗಳು ಹೊಳೆಯ ಕಡೆಯಿಂದ ಓಡಿ ಬಂದು ಉರಿಯ ಮೇಲೆ ಎಗರಿ, ನಿಲ್ಲದೆ ನೇರ ಮನೆಗೆ ಹೋಗಬೇಕು. ಅಲ್ಲಿ ಅತ್ತಿಗೆ ಆರತಿ ಹಿಡಿದುಕೊಂಡು, ಬಾಳೆಯೆಲೆಯಲ್ಲಿ ಸಿಹಿ ಹುಗ್ಗಿ ಇಟ್ಟುಕೊಂಡು ಕಾದಿರುತ್ತಾಳೆ. ಕರುಗಳಾಗಿದ್ದಾಗ ಹುಗ್ಗಿಯ ಆಸೆ ತೋರಿಸಿ ತೋರಿಸಿ ಅಣ್ಣ ಅವಕ್ಕೆ ಇದನ್ನು ಕಲಿಸಿದ. ದೊಡ್ಡವಾದ ಮೇಲೆ ಹಗ್ಗವೇ ಬೇಡ. ಊರಲ್ಲೆಲ್ಲ ಅವನ ಎತ್ತಿನಷ್ಟು ಎತ್ತರ ಎಗರುವ ಎತ್ತು ಇರಲಿಲ್ಲ. ಬೆಂಕಿ ಕಂಡರೆ ಹಿಂದಕ್ಕೆ ಜಗ್ಗುವ ಪಕ್ಕದ ಮನೆಯ ಸೀಮೆಹಸುಗಳನ್ನು ಅಣ್ಣ ಆಡಿಕೊಳ್ಳುತ್ತಿದ್ದ, "ಪುಕ್ಕಲು ಮುಂಡೇವು, ಆಲು ಕೊಡಕಷ್ಟೇ ಲಾಯಕ್ಕು."

ಬೆಂಕಿ ಬಿದ್ದ ದಿನ ನಾನು ಊರಲ್ಲೇ ಇದ್ದೆ. ನಾನು ಪಾಠ ಮಾಡುವ ಶಾಲೆಗೆ ರಜೆ ಇತ್ತು, ಅತ್ತಿಗೆಯ ಜೊತೆ ಸಂಡಿಗೆ ಇಡಲು ಹೋಗಿದ್ದೆ. ಹಿತ್ತಿಲಲ್ಲಿ ಹಳೇ ಸೀರೆ ಹಾಸಿ ಅರ್ಧ ಸಂಡಿಗೆ ಇಟ್ಟಿದ್ದೆವು. ಅದರ ಮೇಲೆ ಕಪ್ಪು ಕಪ್ಪು ಚೂರು ಉದುರತೊಡಗಿತು. ಪಕ್ಕದ ಮನೆಯವರು ಕಸ ಸುಡುತ್ತಿದ್ದಾರೆಂದು ಅತ್ತಿಗೆ ಗೋಡೆಯಾಚೆಗೆ ಬಾಯಿಗೆ ಬಂದಂತೆ ಬೈದಳು. ಅಣ್ಣ ಕೊಟ್ಟಿಗೆಯಿಂದ ತಲೆ ಹಾಕಿ, "ಬೆಟ್ಟಕ್ಕೆ ಬೆಂಕಿ ಬಿದ್ದದೆ ಕಣಮ್ಮಿ. ವರ್ಸಾ ವರ್ಸಾ ಬೀಳದೇಯ, ಅಂಗೇ ಆರೋಯ್ತದೆ ಬುಡು" ಅಂದ. ಅದು ನಿಜವೇ. ಬೇಸಿಗೆಯಲ್ಲಿ ಬೆಟ್ಟದ ಹುಲ್ಲು ಉರಿಯುವುದು ನಾವೆಲ್ಲ ಚಿಕ್ಕಂದಿನಿಂದ ನೋಡಿದ್ದೇ. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ನಾನು ಸೀರೆಯನ್ನು ಸೂರಿನ ಕೆಳಗೆ ಎಳೆದು ಹಾಕಿ ಮತ್ತೆ ಸಂಡಿಗೆ ಇಡುತ್ತ ಕೂತೆ.

ಆದರೆ ಆ ಸಲ ಬೆಟ್ಟಕ್ಕೂ ಊರಿಗೂ ನಡುವಿನ ಕಬ್ಬೆಲ್ಲ ಕಟಾವಾಗಿತ್ತು. ಸೋಗೆ ಒಣಗಿ ಗದ್ದೆಯ ತುಂಬ ಬಿದ್ದಿತ್ತು. ಗಾಳಿ ಊರ ಕಡೆ ತಿರುಗಿದ್ದೇ ತಡ, ಬೆಂಕಿ ಸೋಗೆ ಹಿಡಿದುಕೊಂಡು ಓಡಿ ಬಂತು. ಬೆಟ್ಟದ ಕಡೆಯ ಮೊದಲ ಮನೆಯ ಹಿತ್ತಿಲಲ್ಲಿದ್ದ ಹುಲ್ಲಿನ ಮೆದೆ ಹತ್ತಿತು. ನಮ್ಮೂರಲ್ಲಿ ಮನೆಗೊಂದು ಮೆದೆ, ಮನೆಗೂ ಮನೆಗೂ ಒಂದೇ ಗೋಡೆ. ಹೆಂಚಿನ ಕೆಳಗೆಲ್ಲ ನೂರಾರು ವರ್ಷ ಒಣಗಿದ ಮರ. ಇನ್ನು ಹೇಳುವುದೇನಿದೆ? ಮಳವಳ್ಳಿಯಿಂದ ಫೈರ್ ಇಂಜಿನ್ ಬಂತು. ಆದರೆ ಊರಿಗೆ ಬರುವ ಒಂದೇ ರಸ್ತೆಯ ಎರಡೂ ಬದಿ ಗದ್ದೆ ಉರಿಯುತ್ತಿತ್ತು, ಪಾಪ ಅವರು ತಾನೇ ಹೇಗೆ ನುಗ್ಗಿಯಾರು?

"ಒಳೆ ತಾವ್ಕೆ ನಡೀರ್ಲಾ! ಮುದುಕ್ರನ್ನ, ಮಕ್ಳನ್ನ ಒಳೆ ತಾವ್ಕೆ ಕರ್ಕೊಂಡ್ ಓಗ್ರಿ!" ಅಂತ ಅಣ್ಣ ಬೀದಿಯಲ್ಲಿ ನಿಂತು ಕೂಗಿದ. ಆಮೇಲೆ ಕೊಟ್ಟಿಗೆಗೆ ಓಡಿ ಎತ್ತುಗಳನ್ನು ಬಿಚ್ಚಿಕೊಂಡು ಬಂದ. ನಾನು, ಅತ್ತಿಗೆ ಕೈಗೆ ಸಿಕ್ಕಿದ್ದು ಎತ್ತಿಕೊಂಡು ಹಿಂದೆ ಓಡಿದೆವು. ಆಮೇಲೆ ನೋಡಿಕೊಂಡರೆ ಅತ್ತಿಗೆಯ ಕೈಯಲ್ಲಿ ಸಂಡಿಗೆ ಒತ್ತುವ ಒರಳು. ಒಡವೆ, ಪತ್ರ, ಬಟ್ಟೆ ಎಲ್ಲ ಒಳಗೇ ಉಳಿದವು. ಊರಿಗೆ ಊರೇ ಮರಳ ಮೇಲೆ ಬಂದು ನಿಂತಿತು. ಮನುಷ್ಯರಲ್ಲಿ ಒಬ್ಬರೂ ಬೆಂಕಿಯೊಳಗೆ ಸಿಕ್ಕಿಕೊಂಡಿಲ್ಲ ಅಂತ ಗೊತ್ತಾದಾಗ ಎಷ್ಟೋ ಸಮಾಧಾನವಾಯಿತು.

ಗಾಳಿಗೆ ಕಿಡಿಗಳು ಮರಳಿನ ಮೇಲೂ ಬೀಳುತ್ತಿದ್ದವು. ಎತ್ತುಗಳ ಮೈ ಸುಟ್ಟೀತೆಂದು ಅಣ್ಣ ಅವನ್ನು ನೀರಿಗೆ ಇಳಿಸಿ, ಬೆನ್ನಿನ ಮೇಲೆ ಬೊಗಸೆ ಬೊಗಸೆ ನೀರು ಹಾಕಿ ಉಜ್ಜಿದ. ಯಾರೇ ಆದರೂ ಹಾಗೇ ಮಾಡುತ್ತಿದ್ದರು. ಪಕ್ಕದ ಮನೆಯ ಸೀಮೆಹಸುಗಳೂ ಅಲ್ಲೇ ಹೊಟ್ಟೆಯುದ್ದ ನೀರಲ್ಲಿ ನಿಂತಿದ್ದವು. ಅಷ್ಟರಲ್ಲಿ ಮಂಟಪದ ಪಕ್ಕದ ಮನೆಯವನು ಬೀದಿ ಬದಿಗೇ ಒಟ್ಟಿದ್ದ ಮೆದೆ ಉರಿಯುತ್ತಲೇ ಕುಸಿದು ಬೀದಿಯ ಬಾಯಿಗೆ ಅಡ್ಡಲಾಗಿ ಬಿತ್ತು. ಆ ಮನೆಯವನು ಟ್ರಂಕು ತರುತ್ತೇನೆಂದು ಮೆಟ್ಟಿಲ ಕಡೆ ನುಗ್ಗಿದ. ಅವನನ್ನು ತಡೆಯಲು ಜನರೆಲ್ಲ ಹೋ ಎಂದು ಒಟ್ಟಿಗೆ ಕೂಗಿಕೊಂಡರು. ಯಾರೋ ತಗಡಿನ ಡಬ್ಬ ಬಡಿದರು.

ಎತ್ತುಗಳು ಎರಡೂ ಕಿವಿ ನಿಮಿರಿಸಿ ತಲೆಯೆತ್ತಿದವು. ಮೈ ತೊಳೆದಾಗಿದೆ, ಬೀದಿಯ ಬಾಯಲ್ಲಿ ಹುಲ್ಲು ಉರಿಯುತ್ತಿದೆ, ಊರೆಲ್ಲ ಕೂಗುತ್ತಿದೆ. ಅವಕ್ಕೆ ಅದು ಸಂಕ್ರಾಂತಿ. "ಅಣ್ಣಾ, ಹಗ್ಗ!" ಅಂತ ಕಿರುಚಿದೆ. ಅಣ್ಣ ಎರಡೂ ಹಗ್ಗ ಹಿಡಿದಿದ್ದ. ಎಡದೋನು ಒಂದೇ ಜಗ್ಗಿಗೆ ಕಿತ್ತುಕೊಂಡು ಹೋಯಿತು. ಬಲದೋನು ಅಣ್ಣನನ್ನು ಮರಳಿನ ಮೇಲೆ ದರದರ ಎಳೆದುಕೊಂಡು ಮೆಟ್ಟಿಲವರೆಗೂ ಹೋಯಿತು. ಅಲ್ಲಿ ಗಂಡಸರು ಮೇಲೆ ಬಿದ್ದು ಅದನ್ನು ಹಿಡಿದು ನಿಲ್ಲಿಸಿದರು. ಅಣ್ಣನ ಅಂಗೈ ಚರ್ಮ ಹಗ್ಗಕ್ಕೆ ಅಂಟಿಕೊಂಡು ಬಂದಿತ್ತು. "ಬಾರ್ಲಾ! ಬಾರೋ ನನ್ನಪ್ಪಾ! ಅಬ್ಬ ಅಲ್ಲ ಕಣ್ಲಾ ಅದು!" ಅಂತ ಕೂಗುತ್ತಲೇ ಇದ್ದ. ಎಡದೋನು ಯಾವ ವರ್ಷವೂ ಎಗರದಷ್ಟು ಎತ್ತರ ಎಗರಿ ಆ ಉರಿಯನ್ನು ದಾಟಿತು. ಅಯ್ಯೋ ಶಿವನೇ, ಅಷ್ಟು ಚಂದ ಎಗರಿತು. ಆಮೇಲೆ ಬರೀ ಹೊಗೆ.

ಬೆಂಕಿ ತಣ್ಣಗಾದ ಮೇಲೆ ಒಳಗೆ ಹೋದೆವು. ಜಗುಲಿಯ ಕಂಬಗಳು ನಿಂತಲ್ಲೇ ಇದ್ದಿಲಾಗಿದ್ದವು. ಎಡದೋನು ಕೊಟ್ಟಿಗೆಯಲ್ಲಿ, ಕಲ್ಲಿನ ಬಾನಿಯ ಎಡಕ್ಕೆ, ತಾನು ದಿನಾ ನಿಲ್ಲುವ ಜಾಗದಲ್ಲೇ ಬಿದ್ದಿತ್ತು. ಅತ್ತಿಗೆ ಅದರ ಕೊಂಬು ಮುಟ್ಟಿ, "ಮನೇಗ್ ಬಾ ಮನೇಗ್ ಬಾ ಅಂತ ನಾವೇ ಕಲ್ಸಿದ್ದಲ್ವಾ, ಬಂದದೆ" ಅಂದಳು. ನಾನು ಜೋರಾಗಿ ಅತ್ತುಬಿಟ್ಟೆ. ಮನೆ ನೋಡಿ ಬಾರದ ಅಳು ಅದನ್ನು ನೋಡಿ ಬಂತು.

ಊರವರು ಈಗ ಬೆಟ್ಟದ ಕಡೆಯ ಬಯಲಲ್ಲಿ ತಗಡಿನ ಶೆಡ್ಡು ಹಾಕಿಕೊಂಡಿದ್ದಾರೆ. ಕಾರಿನವರು ಈಗಲೂ ಬರುತ್ತಾರೆ, ಸುಟ್ಟ ಕಂಬದ ಮುಂದೆ ನಿಂತು ಫೋಟೋ ತೆಗೆಯುತ್ತಾರೆ. ಅಣ್ಣ ಅವರಿಗೂ ಏನೂ ಅನ್ನುವುದಿಲ್ಲ. ಅದೇ ನನಗೆ ಭಯ. ಅವನು ಬೈಯುವುದನ್ನು ಬಿಟ್ಟಿದ್ದನ್ನು ನಾನು ಯಾವತ್ತೂ ಕಂಡವಳಲ್ಲ.

ಈ ಸಲದ ಸಂಕ್ರಾಂತಿಗೆ ಕಿಚ್ಚು ಬೇಡ ಅಂತ ಊರಲ್ಲಿ ಮಾತಾಯಿತು. ಯಾರೂ ಎದುರಾಡಲಿಲ್ಲ. ಅಣ್ಣ ಶೆಡ್ಡಿನ ಮುಂದೆ ಸುಮ್ಮನೆ ಕೂತಿದ್ದ. "ಯಾಕಿಂಗೆ ಕೂತಿದ್ದೀಯೆ? ಕಿಚ್ಚು ಇಲ್ದಿದ್ರೆ ಬುಡು, ಮೈಯಾದ್ರೂ ತೊಳ್ದು ಕರ್ಕೊಂಬಾ ಓಗು, ಅದೇನ್ ತಪ್ಪ್ ಮಾಡ್ಯದೆ?" ಅಂತ ಅತ್ತಿಗೆ ಗದರಿದಳು. ಅವನು ಎದ್ದು ಬಲದೋನನ್ನು ಹೊಳೆಗೆ ಕರೆದೊಯ್ದ. ನಾನೂ ಹೋದೆ. ಮೈ ತೊಳೆದ, ಕೊಂಬಿಗೆ ಅರಿಶಿನ ಹಚ್ಚಿದ. ಮೆಟ್ಟಿಲು ಹತ್ತಿ ಮಂಟಪದ ಹತ್ತಿರ ಬಂದೆವು. ಅಲ್ಲಿ ಬೆಂಕಿಯೂ ಇರಲಿಲ್ಲ, ಜನವೂ ಇರಲಿಲ್ಲ, ಬರೀ ನೆಲ. ಬಲದೋನು ಒಂದು ಗಳಿಗೆ ನಿಂತಿತು. ಆಮೇಲೆ ಹಗ್ಗ ಬಿಡಿಸಿಕೊಂಡು, ಏನೂ ಇಲ್ಲದ ಆ ನೆಲದ ಮೇಲೆ ಎತ್ತರಕ್ಕೆ ಎಗರಿ, ಬೀದಿಯಲ್ಲಿ ಓಡಿತು.

ಶೆಡ್ಡಿಗೆ ಹೋಗಲಿಲ್ಲ. ಸೂರಿಲ್ಲದ ನಮ್ಮ ಕೊಟ್ಟಿಗೆಗೆ ಹೋಗಿ, ಕಲ್ಲಿನ ಬಾನಿಯ ಬಲಕ್ಕೆ ನಿಂತುಕೊಂಡಿತು. ನಾನು ಓಡಿ ಹೋಗಿ ಅತ್ತಿಗೆಗೆ ಹೇಳಿದೆ. ಅವಳು ಹುಗ್ಗಿ ತಂದಳು. ಅಭ್ಯಾಸಬಲ, ಎರಡು ಎಲೆಯಲ್ಲಿ ಬಡಿಸಿಕೊಂಡು ಬಂದಿದ್ದಳು. ಒಂದನ್ನು ಬಲಕ್ಕೆ ಇಟ್ಟು, ಇನ್ನೊಂದನ್ನು ಏನು ಮಾಡಬೇಕೆಂದು ತಿಳಿಯದೆ ಅಣ್ಣನ ಮುಖ ನೋಡಿದಳು. ಅಣ್ಣ ಅದನ್ನು ಇಸಿದುಕೊಂಡು ಎಡಕ್ಕೆ ಇಟ್ಟ. ಬಲದೋನು ತನ್ನ ಎಲೆ ಮುಗಿಸಿ ಎಡದ ಎಲೆಗೆ ಬಾಯಿ ಹಾಕಿತು. ಅತ್ತಿಗೆ ತಡೆಯಲು ಕೈ ಚಾಚಿದಳು.

ಅಣ್ಣ ಅವಳ ಕೈ ಹಿಡಿದುಕೊಂಡು ಎತ್ತಿಗೆ ಹೇಳಿದ, "ತಿನ್ನು ಬುಡು ಮಗ. ಅವನ್ದೂ ನೀನೇ ತಿನ್ನು."