ನಾಗಪ್ಪ ನನ್ನ ಬೆರಳಿಗೆ ಗೆರೆ ಕೊಟ್ಟ

ವಿದುರಾಶ್ವತ್ಥದ ನಾಗಪ್ಪನನ್ನು ನಂಬಿದ ಎಲ್ಲರಿಗೂ ಶಿಡ್ಲಘಟ್ಟದ ನಂಜಮ್ಮನ ನಮಸ್ಕಾರ. ನಾನು ಓದಿದ್ದು ಮೂರನೇ ಕ್ಲಾಸು. ತಪ್ಪಿದ್ದರೆ ನೀವೇ ತಿದ್ದಿಕೊಂಡು ಓದಿ. ಬೇರೆಯವರು ನಾಗಪ್ಪನ ಕೃಪೆಯಿಂದ ಕಾಯಿಲೆ ವಾಸಿಯಾಗಿದ್ದು, ಮಕ್ಕಳಾಗಿದ್ದು, ಕೋರ್ಟು ಕೇಸು ಗೆದ್ದಿದ್ದು ಬರೆಯುತ್ತಾರೆ. ನನ್ನ ಕಷ್ಟ ಅಷ್ಟು ದೊಡ್ಡದಲ್ಲ ಎಂದು ನಿಮಗೆ ಅನ್ನಿಸಬಹುದು. ಅನ್ನಿಸಲಿ. ಕಷ್ಟ ನನ್ನದು, ಅದರ ಅಳತೆ ನನಗೆ ಗೊತ್ತು.

ಕಷ್ಟ ಇಷ್ಟೆ. ಹತ್ತು ಬೆರಳೂ ನೆಟ್ಟಗಿರುವ ನನ್ನನ್ನು ಬೆಂಗಳೂರಿನಲ್ಲಿ ಒಂದು ಯಂತ್ರ ಬೆರಳೇ ಇಲ್ಲದವಳು ಎಂದುಬಿಟ್ಟಿತು.

ಮೊದಲಿಂದ ಹೇಳುತ್ತೇನೆ. ನಮ್ಮ ಭಜನಾ ಮಂಡಳಿಯ ಹೆಂಗಸರು ವರ್ಷಕ್ಕೊಂದು ಯಾತ್ರೆ ಹೋಗುತ್ತೇವೆ. ಕಾಶಿ ಆಯಿತು, ರಾಮೇಶ್ವರ ಆಯಿತು, ದ್ವಾರಕೆ, ಪುರಿ ಎಲ್ಲ ಆಯಿತು. ಹೋದ ವರ್ಷ ಯುಗಾದಿ ಕಳೆದ ಮೇಲೆ ಮುಂದೆಲ್ಲಿಗೆ ಎಂಬ ಮಾತು ಬಂತು.

"ಇನ್ನು ಉಳಿದಿರೋದು ಒಂದೇ ಯಾತ್ರೆ ಕಣ್ರೇ, ಅದಕ್ಕೆ ಟಿಕೆಟ್ ಬೇಡ" ಅಂದೆ ನಾನು.

ಎಲ್ಲರೂ ನಕ್ಕರು. ಮಂಡಳಿ ನಡೆಸುವ ವಿಶಾಲಾಕ್ಷಿ ಮಾತ್ರ ನಗಲಿಲ್ಲ. "ಅದಕ್ಕೆ ಮುಂಚೆ ಒಂದು ಫಾರಿನ್ ನೋಡ್ಕೊಂಡ್ ಬರಣ ಬಿಡಿ ಅಕ್ಕ" ಅಂದು ಫೋನು ತೆಗೆದಳು. ಅದರಲ್ಲಿ ಪ್ರಾಗ್ ಎಂಬ ಊರು. ಯೂರೋಪಿನಲ್ಲಿದೆಯಂತೆ. ಹಳೇ ಕಾಲದ ಊರು, ಬೀದಿಗೆಲ್ಲ ಕಲ್ಲು ಹಾಸಿದ್ದಾರೆ. ನದಿಯ ಮೇಲೊಂದು ಸೇತುವೆ, ಅದರ ಎರಡೂ ಕಡೆ ಅವರ ಸಂತರ ವಿಗ್ರಹಗಳು ಸಾಲಾಗಿ ನಿಂತಿವೆ. ಚೌಕದಲ್ಲೊಂದು ದೊಡ್ಡ ಗಡಿಯಾರ. ಗಂಟೆಗೊಮ್ಮೆ ಕಿಟಕಿ ತೆರೆದುಕೊಳ್ಳುತ್ತದೆ, ಗೊಂಬೆಗಳು ಒಂದರ ಹಿಂದೆ ಒಂದು ಬಂದು ಮುಖ ತೋರಿಸಿ ಹೋಗುತ್ತವೆ. ಕ್ಯೂ ಇಲ್ಲ, ನೂಕುನುಗ್ಗಲಿಲ್ಲ, ಇದ್ದಲ್ಲಿಗೇ ದರ್ಶನ. ನನಗೆ ಹಿಡಿಸಿತು. ಅದನ್ನು ಕಣ್ಣಾರೆ ನೋಡಬೇಕು ಅನ್ನಿಸಿತು. ಈ ವಯಸ್ಸಿನಲ್ಲಿ ಯಾಕೆ ಎಂದು ಸುಮಾರು ಜನ ಕೇಳಿದರು. ಆಸೆಯಾಯಿತು, ಅದಕ್ಕೆ. ಬೇರೆ ಕಾರಣ ನನ್ನ ಹತ್ತಿರ ಇರಲಿಲ್ಲ, ಹುಡುಕಲೂ ಇಲ್ಲ.

ಆಮೇಲೆ ಪ್ಲಾನು ಶುರುವಾಯಿತು. ಯುದ್ಧವೂ ಶುರುವಾಯಿತು. ಗಡಿಯಾರ ಮೊದಲೋ ಸೇತುವೆ ಮೊದಲೋ ಎಂದು ಒಂದು ವಾರ ಜಗಳ. ಹುರಿಹಿಟ್ಟು ಒಯ್ಯುವುದೋ ಅವಲಕ್ಕಿ ಒಯ್ಯುವುದೋ ಎಂದು ಇನ್ನೊಂದು ವಾರ. ಗುಡ್ಡದ ಮೇಲಿನ ಅರಮನೆಗೆ ಮೆಟ್ಟಿಲು ಜಾಸ್ತಿ ಎಂದು ಗೊತ್ತಾದ ದಿನ ಮಂಡಿನೋವಿನವರೆಲ್ಲ ಒಂದು ಪಾರ್ಟಿಯಾದರು. ಕೊನೆಗೆ ರೂಮಿನ ವಿಷಯ. ಸರೋಜಮ್ಮನ ಜೊತೆ ಮಲಗಲು ಯಾರೂ ಒಪ್ಪಲಿಲ್ಲ, ಅವಳ ಗೊರಕೆ ಅಂಥದು. ಸರೋಜಮ್ಮ ನನ್ನ ಬೀಗಿತ್ತಿ, ಅಂದರೆ ನನ್ನ ಸೊಸೆ ಮಂಜುಳಾಳ ತಾಯಿ. ಚಿಂತಾಮಣಿಯಲ್ಲಿ ಟೀಚರಾಗಿದ್ದು ರಿಟೈರಾದವಳು. ಈಗಲೂ ಎದುರಿಗೆ ಯಾರೇ ಕೂತರೂ ಐದನೇ ಕ್ಲಾಸಿನ ಮಕ್ಕಳು ಎಂದುಕೊಂಡೇ ಮಾತಾಡುತ್ತಾಳೆ.

"ಸಂಬಂಧ ಬೆಳೆಸಿದ್ದು ನೀವು ನಂಜಮ್ಮಕ್ಕ, ಗೊರಕೇನೂ ನೀವೇ ಕೇಳಿ" ಎಂದು ವಿಶಾಲಾಕ್ಷಿ ಅವಳನ್ನು ನನ್ನ ರೂಮಿಗೆ ಹಾಕಿದಳು.

ವೀಸಾಕ್ಕೆ ಬೆರಳಚ್ಚು ಕೊಡಲು ಬೆಂಗಳೂರಿಗೆ ಹೋದೆವು. ಸರೋಜಮ್ಮ ಆ ದಿನ ತಂಗಿಯ ಮಗನ ಮದುವೆ ಎಂದು ಬರಲಿಲ್ಲ. ಎಲ್ಲರೂ ಗಾಜಿನ ಮೇಲೆ ಬೆರಳಿಟ್ಟರು, ಹಸಿರು ದೀಪ ಬಂತು, ಎದ್ದು ಹೋದರು. ನಾನಿಟ್ಟೆ. ಕೆಂಪು ದೀಪ. ಒತ್ತಿ ಇಟ್ಟೆ. ಕೆಂಪು. ಕೌಂಟರಿನ ಹುಡುಗಿ ನನ್ನ ಬೆರಳುಗಳನ್ನು ತಿರುಗಿಸಿ ನೋಡಿದಳು.

"ಅಜ್ಜಿ, ನಿಮ್ಮ ಬೆರಳಲ್ಲಿ ಗೆರೇನೇ ಇಲ್ವಲ್ಲ. ಏನ್ ಕೆಲಸ ಮಾಡ್ತೀರಾ?"

ನಮ್ಮದು ರೇಷ್ಮೆ ನೂಲು ತೆಗೆಯುವ ಮನೆ. ಗೂಡನ್ನು ಬಿಸಿನೀರಿಗೆ ಹಾಕಿ, ಅದರೊಳಗೆ ಬೆರಳಾಡಿಸಿ ಎಳೆಯ ತುದಿ ಹುಡುಕಿ ಹಿಡಿಯಬೇಕು. ಮದುವೆಯಾಗಿ ಬಂದ ವರ್ಷ ಆ ನೀರಿಗೆ ಕೈ ಇಟ್ಟವಳು ನಾನು. ಈಗ ಮಗ ನಡೆಸುತ್ತಾನೆ, ಕೂಲಿಯವರಿದ್ದಾರೆ, ಆದರೂ ಯಾರಾದರೂ ಬರದಿದ್ದರೆ ನಾನೇ ಕೂರುತ್ತೇನೆ. ಬಂದಿದ್ದರೂ ಕೂರುತ್ತೇನೆ. ಅವರು ತುದಿ ಹುಡುಕುವುದನ್ನು ನೋಡಿಕೊಂಡು ಸುಮ್ಮನಿರಲು ಆಗುವುದಿಲ್ಲ.

"ಒಂದೂವರೆ ತಿಂಗಳು ಬಿಸಿನೀರಿಗೆ ಕೈ ಹಾಕ್ಬೇಡಿ ಅಜ್ಜಿ. ಎಣ್ಣೆ ಹಚ್ಕೊಳಿ. ಗೆರೆ ಮೂಡಿದ್ರೆ ಇನ್ನೊಂದು ಸಲ ಬನ್ನಿ" ಅಂದಳು.

"ಮೂಡದಿದ್ರೆ?"

ಅವಳು ನನ್ನ ಹಿಂದಿನವರನ್ನು ಕರೆದಳು.

ಮುಂದಿನ ಭಜನೆಯ ದಿನ ಮಂಡಳಿಯಲ್ಲಿ ನನ್ನ ಬೆರಳಿನದೇ ವಿಚಾರ. ಸರೋಜಮ್ಮ ಚಿಂತಾಮಣಿಯಿಂದ ಬಸ್ಸು ಹತ್ತಿ ಬಂದಿದ್ದಳು. ಗಂಟಲು ಸರಿಮಾಡಿಕೊಂಡು ಅಂದಳು, "ನೋಡಿ ನಂಜಮ್ನೋರೇ, ಬೇಜಾರ್ ಮಾಡ್ಕೋಬೇಡಿ. ಒಬ್ಬರಿಗೋಸ್ಕರ ಇಷ್ಟು ಜನ ಕಾಯಕ್ಕಾಗುತ್ತಾ? ನಾವು ಹೋಗಿ ಫೋಟೋ ಕಳಿಸ್ತೀವಿ ಬಿಡಿ."

ಬೆರಳಚ್ಚು ತಾನೇ ಇನ್ನೂ ಕೊಟ್ಟಿರದವಳು ಹೇಳಿದ ಮಾತಿದು. ವಿಶಾಲಾಕ್ಷಿ ಮಾತ್ರ, "ನಿಮ್ಮಿಬ್ಬರದೂ ಒಂದೇ ದಿನಕ್ಕೆ ಹಾಕಿಸ್ತೀನಿ. ಅವತ್ತೂ ಆಗ್ಲಿಲ್ಲ ಅಂದ್ರೆ ಏನೂ ಮಾಡಕ್ಕಾಗಲ್ಲ ಅಕ್ಕ" ಅಂದಳು.

ಮನೆಗೆ ಬಂದು ಊಟ ಬಿಟ್ಟೆ. ನಾನು ಊಟ ಬಿಡುವವಳಲ್ಲ. ಚಿಕ್ಕಬಳ್ಳಾಪುರದ ಚರ್ಮದ ಡಾಕ್ಟರಿಗೆ ತೋರಿಸಿದೆವು. ಬೆರಳು ನೋಡಿ, "ಬರಬಹುದು, ಬರದೇನೂ ಇರಬಹುದು" ಅಂದರು. ಇಷ್ಟು ಹೇಳಲು ನಮ್ಮ ಮನೆಯ ಬೆಕ್ಕು ಸಾಕಿತ್ತು. ಆ ದಿನ ವಾಪಸು ಬರುವ ಬಸ್ಸಿನಲ್ಲಿ ಕಿಟಕಿಗೆ ಹಣೆ ಒರಗಿಸಿಕೊಂಡು ಕೂತಿದ್ದೆ. ಜೀವನದುದ್ದಕ್ಕೂ ಸರೋಜಮ್ಮನ ಫೋಟೋ ನೋಡಬೇಕು, ಅವಳು ಒಂದೊಂದಕ್ಕೂ ಪಾಠ ಮಾಡುತ್ತಾಳೆ ಎಂದು ನೆನೆದೇ ಕಣ್ಣಲ್ಲಿ ನೀರು ಬಂತು.

ಆಗ ನಾಗಪ್ಪನ ನೆನಪಾಯಿತು. ಚರ್ಮದ ಕಷ್ಟಕ್ಕೆ ನಮ್ಮ ಕಡೆಯವರು ಅವನ ಹತ್ತಿರ ಹೋಗುತ್ತಾರಲ್ಲವೇ? ಬೆರಳ ಗೆರೆಯೂ ಚರ್ಮವೇ.

ಶುಕ್ರವಾರ ಮಂಜುಳಾಳನ್ನು ಕರೆದುಕೊಂಡು ಚಿಕ್ಕಬಳ್ಳಾಪುರಕ್ಕೆ ಹೋಗಿ, ಗೌರಿಬಿದನೂರಿನ ಬಸ್ಸು ಹಿಡಿದೆ. ಮಂಚೇನಹಳ್ಳಿಯವರೆಗೆ ನಿಂತೇ ಹೋದೆವು. ಗೌರಿಬಿದನೂರಿನಲ್ಲಿ ಇಳಿದು ವಿದುರಾಶ್ವತ್ಥಕ್ಕೆ ಇನ್ನೊಂದು ಬಸ್ಸು. ಗುಡಿಯ ಮುಂದೆ ಹೂವಿನವಳು ಹರಕೆಯೇ ಎಂದು ವಿಚಾರಿಸಿ, ತೆಲುಗಿನಲ್ಲಿ "ಎವರಿಕಮ್ಮಾ, ಕೋಡಲಿಕಾ?" ಎಂದು ಮಂಜುಳಾಳ ಕಡೆ ನೋಡಿದಳು. ಮಕ್ಕಳಾಗಲಿ ಎಂದು ಬರುವವರೇ ಅಲ್ಲಿ ಹೆಚ್ಚು.

"ಸೊಸೆಗಲ್ಲಮ್ಮ, ನನಗೇ" ಅಂದೆ.

ಅವಳು ನನ್ನ ಬಿಳಿ ಕೂದಲಿಂದ ಕಾಲಿನವರೆಗೆ ಒಂದು ಸಲ ನೋಡಿದಳು. ಒಂದು ಮೊಳ ಹೂವು ಹೆಚ್ಚಿಗೆ ಕೊಟ್ಟಳು.

ಅಶ್ವತ್ಥದ ಕೆಳಗೆ ಸಾಲು ಸಾಲು ನಾಗರ ಕಲ್ಲು. ಎಲ್ಲರ ಕಷ್ಟವೂ ಅಲ್ಲಿ ಕಲ್ಲಾಗಿ ನಿಂತಿದೆ. ನಾನು ಕೈ ಮುಗಿದು ನೇರವಾಗಿ ಹೇಳಿದೆ. "ನಾಗಪ್ಪ, ನೀನು ಆಗಾಗ ಮೈತುಂಬ ಹೊಸ ಚರ್ಮ ಹಾಕ್ಕೊಂತೀಯ, ಯಾರನ್ನೂ ಕೇಳಲ್ಲ. ನಾನು ಮೈತುಂಬ ಕೇಳ್ತಿಲ್ಲ. ಬೆರಳ ತುದಿಗೆ ಮಾತ್ರ ಕೊಡು. ಕೊಟ್ರೆ ಕಲ್ಲು ಪ್ರತಿಷ್ಠೆ ಮಾಡಿಸ್ತೀನಿ. ಕೊಡದಿದ್ರೂ ಮಾಡಿಸ್ತೀನಿ, ಆದ್ರೆ ಮನಸ್ಸಲ್ಲಿ ಬೇಜಾರಿರುತ್ತೆ, ನೋಡ್ಕೊ."

ಪ್ರತಿಷ್ಠೆಗೆ ಮುಂಚೆ ನಾಗರ ಕಲ್ಲನ್ನು ಒಂದು ಮಂಡಲ, ಅಂದರೆ ನಲವತ್ತೆಂಟು ದಿನ, ನೀರಿನಲ್ಲಿ ಮುಳುಗಿಸಿಡಬೇಕು ಎಂದು ಅರ್ಚಕರು ಹೇಳಿದರು. ಅದನ್ನು ಕೇಳಿ ನನಗೆ ಹುರುಪು ಬಂತು. "ಕಲ್ಲು ನೀರೊಳಗಿರೋವರೆಗೂ ನನ್ನ ಕೈ ನೀರಿಂದ ಹೊರಗಿರುತ್ತೆ ಸ್ವಾಮಿ" ಎಂದು ದೇವರೆದುರು ಹೇಳಿಬಿಟ್ಟೆ.

ಬಸ್ಸಿನಲ್ಲಿ ಮಂಜುಳಾ ಕೇಳಿದಳು, "ಅತ್ತಮ್ಮಾ, ಬಿಸಿನೀರು ಅಂತ ತಾನೆ ಹೇಳಿದ್ದು?"

ಹೌದಲ್ಲ! ಬಿಸಿ ಎಂಬ ಮಾತು ಬಾಯಿಗೆ ಬಂದೇ ಇರಲಿಲ್ಲ. ಹೇಳಿದ್ದು ಬರೀ ನೀರು. ದೇವರ ಮುಂದೆ ಆಡಿದ್ದನ್ನು ಮಂಚೇನಹಳ್ಳಿ ದಾಟಿದ ಮೇಲೆ ತಿದ್ದಲು ಆಗುತ್ತದೆಯೇ?

ಅಲ್ಲಿಂದ ಮುಂದೆ ನಾನು ಪಟ್ಟ ಪಾಡು ಕೇಳಬೇಡಿ. ತೊಳೆಯುವುದಿಲ್ಲ, ಹಿಂಡುವುದಿಲ್ಲ, ಕಲಸುವುದಿಲ್ಲ. ಸ್ನಾನಕ್ಕೆ ಮಂಜುಳಾ ನನ್ನ ಎರಡೂ ಕೈಗೆ ಹಾಲಿನ ಕವರು ಕಟ್ಟಿ ತಾನೇ ನೀರು ಹುಯ್ಯುತ್ತಿದ್ದಳು. ಊಟಕ್ಕೆ ಚಮಚ. ರಾಗಿಮುದ್ದೆಯನ್ನು ಚಮಚದಲ್ಲಿ ತಿನ್ನುವುದು ಮನುಷ್ಯರು ಮಾಡುವ ಕೆಲಸವಲ್ಲ. ಮುದ್ದೆ ತಟ್ಟೆಯಲ್ಲಿ ಆ ಕಡೆ ಈ ಕಡೆ ಓಡುತ್ತದೆ. ದಿನಾ ಹರಳೆಣ್ಣೆ ಹಚ್ಚಿಕೊಂಡು, ಕೈ ಎರಡನ್ನೂ ಮಡಿಲಲ್ಲಿಟ್ಟುಕೊಂಡು ಜಗಲಿಯಲ್ಲಿ ಕೂತರೆ ಬೀದಿಯವರು ಬಂದು, "ಏನ್ ನಂಜಮ್ಮಕ್ಕ, ಲಕ್ವಾ ಹೊಡೀತಾ?" ಎಂದು ಕೇಳುತ್ತಿದ್ದರು. ಒಂದು ದಿನ ನೂಲು ತೆಗೆಯುವ ಕಡೆ ಇಣುಕಿದೆ. ಕೂಲಿಯವಳಿಗೆ ತುದಿ ಸಿಗುತ್ತಿಲ್ಲ. ನನಗೇ ಗೊತ್ತಿಲ್ಲದಂತೆ ನನ್ನ ಕೈ ಬಿಸಿನೀರಿನ ಮೇಲಿತ್ತು. ಮಂಜುಳಾ ಎಲ್ಲಿಂದ ಬಂದಳೋ, ಮೊಣಕೈ ಹಿಡಿದು ಎಳೆದಳು.

"ನಿಮಗೋಸ್ಕರ ಇಷ್ಟು ದಿನ ಪಾತ್ರೆ ಉಜ್ಜಿದ್ದೀನಿ ಅತ್ತಮ್ಮಾ! ಈಗ ಕೈ ಹಾಕಿದ್ರೆ ನಾನು ಸುಮ್ನಿರಲ್ಲ!"

ಅವಳು ಅಷ್ಟು ಜೋರಾಗಿ ಮಾತಾಡಿದ್ದು ಅದೇ ಮೊದಲು. ನನಗೆ ಖುಷಿಯೇ ಆಯಿತು, ಹೇಳಲಿಲ್ಲ.

ಮಂಡಲ ಮುಗಿಯಿತು. ಕಲ್ಲು ನೀರಿನಿಂದ ಮೇಲೆ ಬಂತು, ಪ್ರತಿಷ್ಠೆಯಾಯಿತು. ಬೆರಳು ನೋಡಿಕೊಂಡರೆ ಏನೋ ಇದ್ದ ಹಾಗೂ ಇತ್ತು, ಇಲ್ಲದ ಹಾಗೂ ಇತ್ತು. ಮಾರನೆಯ ದಿನವೇ ಬೆಂಗಳೂರು. ಬಸ್ ಸ್ಟ್ಯಾಂಡಿನಲ್ಲಿ ಸರೋಜಮ್ಮ ಸೆರಗು ಹೊದ್ದು ನಿಂತಿದ್ದಳು. ದಾರಿಯುದ್ದಕ್ಕೂ ಒಂದೂ ಪಾಠ ಮಾಡಲಿಲ್ಲ. ಹುಷಾರಿಲ್ಲವೇನೋ ಎಂದುಕೊಂಡೆ.

ಅದೇ ಹುಡುಗಿ, ಅದೇ ಗಾಜು. ನಾಗಪ್ಪ ಎಂದು ಎಡಗೈ ಇಟ್ಟೆ. ಹಸಿರು! ಬಲಗೈ ಇಟ್ಟೆ. ಬಲಗೈ ತೋರುಬೆರಳು ಒಂದು ಬಿಟ್ಟು ಉಳಿದದ್ದೆಲ್ಲ ಹಸಿರು. ಎಳೆಯ ತುದಿ ಹಿಡಿಯುವುದು ಆ ಬೆರಳೇ.

"ಆ ಬೆರಳಿನ ಗೆರೆ ಯಾರ ರೇಷ್ಮೆ ಸೀರೆ ಸೆರಗಲ್ಲಿದೆಯೋ" ಅಂದಳು ಸರೋಜಮ್ಮ, ಹಿಂದಿನಿಂದ ಮೆಲ್ಲಗೆ.

ಹುಡುಗಿ ಒಳಗೆ ಹೋಗಿ ಕೇಳಿಕೊಂಡು ಬಂದು, "ಆಯ್ತು ಅಜ್ಜಿ, ಸಾಕು. ಒಂದು ಬೆರಳು ಬರಲಿಲ್ಲ ಅಂತ ಹಾಕಿದ್ದೀನಿ" ಅಂದಳು. ಆ ಒಂದನ್ನು ಯಾಕೆ ಬಿಟ್ಟೆ ಎಂದು ನಾಗಪ್ಪನನ್ನು ನಾನು ಕೇಳಿಲ್ಲ. ಒಂದು ಕಲ್ಲಿಗೆ ಒಂಬತ್ತು ಬೆರಳು ಸಿಕ್ಕರೆ ನನಗೇನೂ ನಷ್ಟವಿಲ್ಲ.

"ನೆಕ್ಸ್ಟ್" ಅಂದಳು. ಸರೋಜಮ್ಮ ಸೆರಗು ಸರಿಸಿದಳು. ಬಲಗೈ ಬೆರಳಿಗೆಲ್ಲ ಬಿಳೀ ಬಟ್ಟೆ! ದಾರಿಗೆಂದು ನಿಪ್ಪಟ್ಟು ಕರಿದಿದ್ದಾಳೆ. ಪ್ರಯಾಣಕ್ಕೆ ಇನ್ನೂ ಎರಡು ತಿಂಗಳಿದೆ, ಯಾಕೆ ಈಗಲೇ ಕರಿದಳೋ ನಾಗಪ್ಪನಿಗೇ ಗೊತ್ತು. ಎಣ್ಣೆ ಸಿಡಿದು ಬೆರಳ ತುದಿಯೆಲ್ಲ ಬೊಬ್ಬೆ. ಅವಳಿಗೆ ಹಾಗಾಗಲಿ ಎಂದು ನಾನು ಬೇಡಿಕೊಂಡಿರಲಿಲ್ಲ. ಇದನ್ನು ನೀವು ನಂಬಬೇಕು.

"ವಾಸಿಯಾದ ಮೇಲೆ ಬನ್ನಿ ಆಂಟಿ" ಅಂದಳು ಹುಡುಗಿ.

ಹೊರಗೆ ಮೆಟ್ಟಿಲ ಮೇಲೆ ಕೂತೆವು. ಸರೋಜಮ್ಮ ನನ್ನ ಮುಖ ನೋಡಲಿಲ್ಲ. "ಹೇಳಿ ನಂಜಮ್ನೋರೇ. ಹೇಳಿಬಿಡಿ" ಅಂದಳು.

ಹೇಳಿದೆ. "ಒಬ್ಬರಿಗೋಸ್ಕರ ಇಷ್ಟು ಜನ ಕಾಯಕ್ಕಾಗುತ್ತಾ? ಫೋಟೋ ಕಳಿಸ್ತೀವಿ ಬಿಡಿ." ಒಂದು ಮಾತೂ ಬಿಡದೆ, ಅವಳು ಗಂಟಲು ಸರಿಮಾಡಿಕೊಂಡದ್ದೂ ಸೇರಿಸಿ ಹೇಳಿದೆ. ಅವಳ ಕಣ್ಣು ತುಂಬಿತು. ಆಮೇಲೆ ವಿಶಾಲಾಕ್ಷಿಗೆ ಫೋನು ಮಾಡಿಸಿ, ಈ ಹೆಂಗಸು ಬರದೆ ನಾನೂ ಹೊರಡುವುದಿಲ್ಲ, ಪ್ರಯಾಣ ಮುಂದಕ್ಕೆ ಹಾಕು ಅಂದೆ.

"ನಾನು ನಡೆಸ್ತಿರೋದು ಟೂರಾ, ಸುಟ್ಟಗಾಯದ ವಾರ್ಡಾ ಅಕ್ಕ?" ಎಂದು ವಿಶಾಲಾಕ್ಷಿ ಕೂಗಿಕೊಂಡಳು. ಕೂಗಿಕೊಂಡೇ ಒಪ್ಪಿದಳು.

"ನನಗೋಸ್ಕರ ಯಾಕ್ರೀ?" ಅಂದಳು ಸರೋಜಮ್ಮ.

"ನಿಮಗೋಸ್ಕರ ಯಾರ್ ಮಾಡಿದ್ರು? ನೀವು ಬರದಿದ್ರೆ ನನ್ನ ರೂಮಿಗೆ ಇನ್ಯಾರನ್ನೋ ಹಾಕ್ತಾರೆ. ಅವರ ಗೊರಕೆ ಹೆಂಗಿರುತ್ತೋ ಏನೋ. ನಿಮ್ಮದು ನನಗೆ ಅಭ್ಯಾಸ ಆಗಿದೆ."

ಅವಳೂ ನಾಗಪ್ಪನಿಗೆ ಕಲ್ಲಿನ ಹರಕೆ ಹೇಳಿಕೊಂಡಳು. ಬಿಸಿನೀರು ಎಂದೇ ಹೇಳಿಕೊಳ್ಳುವಂತೆ ನಾನು ಮೊದಲೇ ಎಚ್ಚರಿಸಿದ್ದೆ. ಬೊಬ್ಬೆ ಒಣಗಿ ಹೊಸ ಚರ್ಮ ಬಂತು, ಯಂತ್ರ ಒಪ್ಪಿತು. ಈಗ ನಮ್ಮೆಲ್ಲರ ವೀಸಾ ಬಂದಿದೆ. ನನ್ನ ಪಾಸ್‌ಪೋರ್ಟನ್ನು ದೇವರ ಗೂಡಿನಲ್ಲಿಟ್ಟು ಕುಂಕುಮ ಹಚ್ಚಲು ಹೋದೆ, ಮಂಜುಳಾ ಕಿತ್ತುಕೊಂಡಳು.

ನಾಗಪ್ಪನ ಕೃಪೆ ಇಲ್ಲಿಗೇ ಮುಗಿಯಲಿಲ್ಲ. ಆ ಊರಿನಲ್ಲಿ ವಿಮಾನ ಇಳಿದ ಮೇಲೆ ಇನ್ನೊಂದು ಸಲ ಬೆರಳು ಇಡಿಸಿ ನೋಡುತ್ತಾರಂತೆ. ಆದ್ದರಿಂದ ಅಲ್ಲಿಯವರೆಗೂ ಗೆರೆ ಕಾಪಾಡಿಕೊಳ್ಳಬೇಕು ಎಂದು ವಿಶಾಲಾಕ್ಷಿಯ ಅಪ್ಪಣೆ. ಚಿಂತಾಮಣಿಯಲ್ಲಿ ಪಾತ್ರೆ ತೊಳೆಯಲು ಯಾರೂ ಇಲ್ಲವೆಂದು ಸರೋಜಮ್ಮ ಮಗಳ ಮನೆಗೇ, ಅಂದರೆ ನಮ್ಮ ಮನೆಗೇ ಬಂದಿದ್ದಾಳೆ. ಇಬ್ಬರೂ ಹರಳೆಣ್ಣೆ ಹಚ್ಚಿಕೊಂಡು ಜಗಲಿಯಲ್ಲಿ ಕೂತು ಗಡಿಯಾರ ಮೊದಲೋ ಸೇತುವೆ ಮೊದಲೋ ಎಂದು ಜಗಳವಾಡುತ್ತೇವೆ. ಕಾಫಿ ಕೂತಲ್ಲಿಗೇ ಬರುತ್ತದೆ. ಹುಟ್ಟಿದಾಗಿನಿಂದ ನನ್ನ ಕೈಗೆ ಇಷ್ಟು ವಿಶ್ರಾಂತಿ ಸಿಕ್ಕಿರಲಿಲ್ಲ. ನಾನು ಬೇಡಿದ್ದು ಗೆರೆ ಮಾತ್ರ, ಇದನ್ನು ಅವನಾಗಿ ಕೊಟ್ಟಿದ್ದು. ಅವನ ಪಾದಕ್ಕೆ ನನ್ನ ಹತ್ತೂ ಬೆರಳು ಜೋಡಿಸಿದ ನಮಸ್ಕಾರ.

ಮೊನ್ನೆ ಮಂಜುಳಾ ಒಬ್ಬಳೇ ಬಸ್ಸು ಹತ್ತಿ ವಿದುರಾಶ್ವತ್ಥಕ್ಕೆ ಹೋಗಿಬಂದಳು. ಏನಮ್ಮ ಹರಕೆ ಎಂದು ಕೇಳಿದೆ.

"ನಿಮ್ಮಿಬ್ಬರ ವಿಮಾನ ಬೇಗ ಹಾರ್ಲಿ ಅಂತ" ಅಂದಳು, ಎರಡು ಲೋಟ ಎತ್ತಿಕೊಂಡು ಒಳಗೆ ಹೋಗುತ್ತ.

ಅದನ್ನೂ ನಡೆಸಿಕೊಡುತ್ತಾನೆ. ನನಗೆ ನಂಬಿಕೆಯಿದೆ.