ಮೂರನೆಯ ಮುದ್ದೆ

ನಾನು ದಪ್ಪವಾದದ್ದು ನನಗೆ ಗೊತ್ತಾದದ್ದು ಬಸ್ಸಿನಲ್ಲಿ. ದೇವನಹಳ್ಳಿಯ ನಮ್ಮ ಮನೆಯಿಂದ ಕುಂದಾಣದ ಶಾಲೆಗೆ ಪಾಠ ಹೇಳಲು ನಾನು ದಿನಾ ಹೋಗುತ್ತಿದ್ದ ಬಸ್ಸು ಅದು. ಹಿಂದಿನ ಸೀಟಿನ ಹೆಂಗಸೊಬ್ಬಳು, ನನಗೆ ಕೇಳಿಸಲೆಂದೇ ಇರಬೇಕು, "ಗಂಡ ಹೋದ್ಮೇಲೆ ಮೇಡಮ್ಮಂಗೆ ಚೆನ್ನಾಗಿ ಮೈ ಬಂದೈತೆ, ಅಲ್ವೇನೇ?" ಎಂದಳು. ಪಕ್ಕದವಳು ಕಿಸಕ್ಕೆಂದಳು. ನಾನು ಕಿಟಕಿಯಾಚೆ ನೋಡುತ್ತಾ ಕೂತೆ. ಕೋಪ ಬರಬೇಕಿತ್ತು, ಬರಲಿಲ್ಲ. ಆ ದಿನಗಳಲ್ಲಿ ನನಗೆ ಏನೂ ಬರುತ್ತಿರಲಿಲ್ಲ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ನನಗೆ ನಲವತ್ತು ದಾಟಿತ್ತು. ನಮ್ಮ ಯಜಮಾನರು ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದವರು. ಒಂದು ಬೆಳಿಗ್ಗೆ ಬಾವಿಕಟ್ಟೆಯ ಹತ್ತಿರ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ. ನಮಗೆ ಮಕ್ಕಳಿರಲಿಲ್ಲ. ಮಗುವಾಗಲೆಂದು ಘಾಟಿಯ ದೇವಸ್ಥಾನದಲ್ಲಿ ನಾಗರಕಲ್ಲು ನಿಲ್ಲಿಸಿದ್ದೆವು. ಕಲ್ಲು ಈಗಲೂ ನಿಂತಿದೆ, ಅಷ್ಟೆ. ಮನೆಯಲ್ಲಿ ಉಳಿದದ್ದು ನಾನು ಮತ್ತು ನಮ್ಮತ್ತೆ. ಬಂದವರೆಲ್ಲ "ಅತ್ಬಿಡು ತಾಯಿ, ಹಗುರ ಆಗ್ತೀಯ" ಎಂದರು. ಅಳು ಏನು ನಲ್ಲಿ ನೀರೇ, ತಿರುಗಿಸಿದ ತಕ್ಷಣ ಬರಲು? ತಿಥಿ ಮುಗಿದ ಮರುದಿನ ಶಾಲೆಗೆ ಹೋಗಿ ಮಕ್ಕಳಿಗೆ ಮಗ್ಗಿ ಹೇಳಿಸಿದೆ.

ನಮ್ಮ ಮನೆಯಲ್ಲಿ ಮುದ್ದೆ ಕಟ್ಟುವುದು ಅತ್ತೆಯ ಕೆಲಸ. ಅದನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟವರಲ್ಲ. ಕೋಲಿನಲ್ಲಿ ಹಿಟ್ಟು ತಿರುವಿ, ಮಣೆಯ ಮೇಲೆ ಸುರಿದು, ಕೈಯನ್ನು ತಣ್ಣೀರಿಗೆ ಅದ್ದಿಕೊಂಡು, ಹೊಗೆಯಾಡುವಾಗಲೇ ಉರುಳಿಸಿಬಿಡುತ್ತಿದ್ದರು. ಯಾರ ಹೊಟ್ಟೆ ಎಷ್ಟೆಂದು ಅವರ ಕೈಗೆ ಗೊತ್ತಿತ್ತು. ತಮಗೆ ಚಿಕ್ಕದು, ನನಗೆ ಮಧ್ಯಮದ್ದು, ಮಗನಿಗೆ ಎರಡೂ ಅಂಗೈ ತುಂಬುವಂಥದ್ದು. ಕಟ್ಟಿದ ಮುದ್ದೆ ಆರಿತೋ, ಬೈಗುಳ ಶುರು. ಹಿಟ್ಟು ಆರುವ ತನಕ ಕೂತು ಹರಟುವವರ ಮನೆ ಉದ್ಧಾರವಾಗುವುದಿಲ್ಲವೆಂದು ಅವರ ಸಿದ್ಧಾಂತ.

ಸೂತಕ ಕಳೆದು ಮೊದಲ ಸಲ ಅವರು ಮುದ್ದೆ ಕಟ್ಟಿದ ದಿನ ಮಣೆಯ ಮೇಲೆ ಮೂರು ಕೂತಿದ್ದವು. ದೊಡ್ಡದೂ ಇತ್ತು. ಅತ್ತೆ ಸಾರಿನ ಪಾತ್ರೆಯ ಕಡೆ ತಿರುಗಿದ್ದರು. ಅವರು ಈ ಕಡೆ ನೋಡಿದರೆ ಏನಾಗುತ್ತದೋ ಎಂದು ನನಗೆ ಹೆದರಿಕೆಯಾಯಿತು. ಆ ದೊಡ್ಡದನ್ನು ನನ್ನ ತಟ್ಟೆಗೆ ಹಾಕಿಕೊಂಡು ನನ್ನದರ ಜೊತೆಗೆ ನುಂಗಿದೆ. ಮರುದಿನವೂ ಮೂರು. ಅದರ ಮರುದಿನವೂ. ಮಗ ಇಲ್ಲವೆಂಬುದು ಅವರ ಕೈಗೆ ಇನ್ನೂ ತಿಳಿದಿಲ್ಲ, ತಿಳಿಸುವವಳು ನಾನಾಗುವುದು ಬೇಡ ಎಂದುಕೊಂಡು ದಿನಾ ತಿಂದೆ. ಎರಡು ವರ್ಷ ತಿಂದರೆ ಮೈ ಬರದೆ ಏನು ಬರುತ್ತದೆ? ರವಿಕೆಯ ಹೊಲಿಗೆ ಬಿಚ್ಚಿ ಬಿಚ್ಚಿ, ಬಿಚ್ಚಲು ಬಟ್ಟೆಯೇ ಉಳಿಯಲಿಲ್ಲ.

ಬಸ್ಸಿನ ಮಾತಾದ ಮೇಲೆ ಬೆಂಗಳೂರಿನ ಒಬ್ಬ ಡಾಕ್ಟರ ಹತ್ತಿರ ಹೋದೆ. "ಊಟ ಎಷ್ಟು ಮಾಡ್ತೀರಮ್ಮ?" ಎಂದರು. ಒಂದು ಮುದ್ದೆ ಎಂದೆ. ಎರಡು ಎಂದರೆ ಎರಡನೆಯದು ಯಾರದ್ದೆಂದು ಹೇಳಬೇಕಾಗುತ್ತಿತ್ತು. ಅವರು ನನ್ನ ಸೊಂಟವನ್ನೂ ಮುಖವನ್ನೂ ನೋಡಿ, ಒಂದು ಶೀಷೆ ಮಾತ್ರೆ ಬರೆದುಕೊಟ್ಟರು. "ಇಷ್ಟು ತೂಕಕ್ಕೆ ಜೀವಕ್ಕೇನೂ ಆಗಲ್ಲ. ಇಳಿಸಲೇಬೇಕು ಅನ್ನಿಸಿದ್ರೆ ಬೆಳಿಗ್ಗೆ ಒಂದು ತಗೊಳ್ಳಿ, ಹಸಿವೇ ಆಗಲ್ಲ. ತಗೊಳ್ಳೋದು ಬಿಡೋದು ನಿಮ್ಮಿಷ್ಟ."

ನಮ್ಮ ಹೆಡ್‌ಮಿಸ್ಟ್ರೆಸ್ಸು ಅಂಥದೇ ಮಾತ್ರೆ ನುಂಗಿ ಮೈ ಇಳಿದವರು. ಇಳಿದದ್ದೇನೋ ನಿಜ. ಆದರೆ ಬಾಯಿಗೆ ಬಿಡುವಿರಲಿಲ್ಲ, ಕೈ ನಡುಗುತ್ತಿತ್ತು, ನಿದ್ದೆ ಬರದೆ ಮನೆಯ ತಾಮ್ರದ ಪಾತ್ರೆಗಳನ್ನೆಲ್ಲ ಉಜ್ಜಿ ಸವೆಸಿದ್ದರು. "ಎದೆ ಡವಡವ ಅನ್ನುತ್ತೆ ಕಣ್ರೀ, ಆದ್ರೂ ಪರವಾಗಿಲ್ಲ, ತಗೊಳ್ಳಿ" ಎಂದರು. ಎದೆ ಡವಗುಟ್ಟುವುದಕ್ಕೆ ನನ್ನ ತಕರಾರಿರಲಿಲ್ಲ; ಏನೋ ಒಂದು ಆಯಿತಲ್ಲ ಎನ್ನಿಸುತ್ತಿತ್ತು. ನನ್ನ ಯೋಚನೆ ಬೇರೆ. ಹಸಿವೊಂದು ಮಾತ್ರ ನನಗೆ ತಾನಾಗಿ ಬರುತ್ತಿತ್ತು. ಅದೂ ಹೋದರೆ ಎರಡು ಮುದ್ದೆ ಒಳಗಿಳಿಯುವುದಿಲ್ಲ, ದೊಡ್ಡದು ಮಣೆಯ ಮೇಲೆ ಉಳಿಯುತ್ತದೆ. ಆಗ ಅತ್ತೆ ಅದನ್ನು ನೋಡುತ್ತಾರೆ. ಶೀಷೆಯನ್ನು ಕುಂಕುಮದ ಭರಣಿ ಇರುತ್ತಿದ್ದ ಗೂಡಿನಲ್ಲಿಟ್ಟು, ದಿನಾ ನೋಡಿ, ದಿನಾ ಬಾಗಿಲು ಮುಚ್ಚುತ್ತಿದ್ದೆ.

ಬಸ್ಸಿನವರ ಬಾಯಿ ಮಾತ್ರ ಮುಚ್ಚಲಿಲ್ಲ. ಒಂದು ಭಾನುವಾರ ಬೆಳಿಗ್ಗೆ, ಆದದ್ದಾಗಲಿ ಎಂದು ಒಂದು ಮಾತ್ರೆಯನ್ನು ಅಂಗೈಗೆ ಹಾಕಿಕೊಂಡೆ. ಅತ್ತೆ ಅವರೆಕಾಯಿ ಸುಲಿಯುತ್ತಾ ಕೂತಿದ್ದರು.

"ಏನವ್ವ, ತಲೆನೋವಾ?"

"ಇಲ್ಲ ಅತ್ತೆ. ಹಸಿವಾಗದಂಗೆ ಮಾಡೋ ಮಾತ್ರೆ. ಮೈ ಇಳಿಯಕ್ಕೆ."

ಅತ್ತೆಯ ಕೈ ನಿಂತಿತು. "ಹಸಿವಾಗದಂಗಾ? ನಾವು ಹಿಟ್ಟಿಲ್ದೆ ಒದ್ದಾಡ್ದಾಗ ಇದೆಲ್ಲಿ ಸತ್ತಿತ್ತು?" ನನ್ನ ಅಂಗೈಯ ಕಡೆ ನೋಡಿ, "ಮೈ ಇಳೀಬೇಕು ಅಂದ್ರೆ ಆ ದೊಡ್ಡ ಹಿಟ್ಟು ಯಾಕವ್ವ ತಿಂತೀಯ?" ಎಂದರು.

"ನೀವು ಮಾಡ್ತೀರಲ್ಲ."

"ನೀನು ತಿಂತೀಯಲ್ಲ! ಮೊದಲ್ನೇ ದಿನ ಕೈ ತಪ್ಪಿ ಮಾಡ್ಬುಟ್ಟೆ. ಎತ್ತಿಡನ ಅಂತ ತಿರುಗೋದ್ರಾಗೆ ನೀನು ತಿಂತಾ ಕೂತಿದ್ದೆ. ಅಳ್ಲಿಲ್ಲ, ಮಾತಾಡ್ಲಿಲ್ಲ, ಅವನ ಪಾಲಿನ ಹಿಟ್ಟನ್ನಾದ್ರೂ ತಿಂತಾವ್ಳೆ, ತಿನ್ಲಿ ಅಂತ ದಿನಾ ಮಾಡ್ದೆ."

"ನೀವು ಮರ್ತು ಮಾಡ್ತಿದೀರ ಅಂತ ನಾನು ತಿಂದೆ."

"ಹೆತ್ತೋಳು ಮರೀತಾಳೇನವ್ವ?" ಎಂದರು ಅತ್ತೆ. ಮತ್ತೆ ಅವರೆಕಾಯಿ ಸುಲಿಯತೊಡಗಿದರು.

ಮಾತ್ರೆಯನ್ನು ಶೀಷೆಗೆ ಹಾಕಿ ಮುಚ್ಚಳ ಬಿಗಿದೆ. ಮತ್ತೆ ತೆಗೆಯಲಿಲ್ಲ. ನಿಧಾನವಾಗಿ ರವಿಕೆಗಳು ಸಡಿಲವಾದವು, ಬಸ್ಸಿನವರು ಆಗ "ಪಾಪ, ಕೊರಗಿ ಕೊರಗಿ ಸೊರಗಿದ್ದಾಳೆ" ಎಂದರು. ಊರ ಬಾಯಿಗೆ ಎಲ್ಲದಕ್ಕೂ ಒಂದು ಮಾತಿರುತ್ತದೆ. ನಾನು ಹೇಳಬೇಕೆಂದಿರುವುದು ಅದನ್ನಲ್ಲ, ಆ ಭಾನುವಾರ ಮಧ್ಯಾಹ್ನದ್ದನ್ನು.

ಅತ್ತೆ ಎಂದಿನಂತೆ ಹಿಟ್ಟು ತಿರುವಿದರು, ಕೈ ಅದ್ದಿ ಕಟ್ಟಿದರು. ನಾನು ತಟ್ಟೆ ಹಿಡಿದುಕೊಂಡು ಬಂದು ಕೂತೆ. ಮಣೆಯ ಮೇಲೆ ಎರಡು ಮುದ್ದೆಗಳಿದ್ದವು. ಚಿಕ್ಕದೊಂದು, ಮಧ್ಯಮದ್ದೊಂದು. ಪಕ್ಕದಲ್ಲಿ ದೊಡ್ಡದು ಕೂರುತ್ತಿದ್ದ ಜಾಗ ಒದ್ದೆಯಾಗಿ ಖಾಲಿ ಇತ್ತು. ಯಜಮಾನರು ಹೋಗಿದ್ದಾರೆ ಎಂದು ನನಗೆ ತಿಳಿದದ್ದು ಆಗ. ಬಾವಿಕಟ್ಟೆಯ ಹತ್ತಿರ ಬಾರದೆ ಇದ್ದದ್ದು ಅಲ್ಲಿ, ಆ ಮಣೆಯ ಮುಂದೆ ಬಂತು. ಬಿಕ್ಕುತ್ತಲೇ, ಬೈಸಿಕೊಳ್ಳಬಾರದೆಂದು ಒಂದು ತುತ್ತು ಮುರಿದು ಸಾರಿಗೆ ಅದ್ದಿದೆ.

ಅತ್ತೆ ನನ್ನ ಕೈ ಹಿಡಿದು ತಡೆದರು.

"ಮೊದ್ಲು ಅತ್ಬುಡು ನನ್ನವ್ವ" ಎಂದರು. "ಹಿಟ್ಟು ಆರಿದ್ರೆ ಆರ್ಲಿ."